ಪುಟದ ಅಂಚನ್ನು ಬಲ್ಲ ಕಡತ

1985ರಲ್ಲಿ ಆ್ಯಪಲ್ ಸಂಸ್ಥೆ ಹೊರತಂದ ಲೇಸರ್‌ರೈಟರ್ ಮುದ್ರಕವು, ಅದಕ್ಕೆ ಜೋಡಿಸುತ್ತಿದ್ದ ಮ್ಯಾಕಿಂಟಾಷ್ ಗಣಕಕ್ಕಿಂತ ಬಲಶಾಲಿಯಾಗಿತ್ತು. ಗಣಕದ ಪ್ರೊಸೆಸರ್ ಸುಮಾರು 8 ಮೆಗಾಹರ್ಟ್ಸ್ ವೇಗದ್ದು, ಮುದ್ರಕದ್ದು 12. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ 1982ರಲ್ಲಿ ಸ್ಥಾಪಿಸಿದ ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಪುಟವು ಸಿದ್ಧ ಚಿತ್ರವಾಗಿ ಬರದೆ ಆಜ್ಞೆಗಳ ಸರಣಿಯಾಗಿ ಬರುತ್ತಿತ್ತು. ಅದನ್ನು ಓದಿ, ಅಂಗುಲಕ್ಕೆ 300 ಚುಕ್ಕೆಗಳಂತೆ ಬಿಡಿಸುವ ಹೊಣೆ ಮುದ್ರಕದ್ದೇ ಆಗಿತ್ತು.

ಭಾಷೆ ಒಂದೇ ಆದರೂ ಯಂತ್ರಗಳು ಹಲವು. ಯಾವುದಕ್ಕೆ ಕಾಗದದ ಎರಡನೆಯ ಟ್ರೇ ಇದೆ, ಯಾವುದು ಹಾಳೆಯ ಎರಡೂ ಬದಿಗೆ ಮುದ್ರಿಸಬಲ್ಲದು ಎಂಬುದನ್ನು ಗಣಕಕ್ಕೆ ತಿಳಿಸಲು ಹುಟ್ಟಿದ್ದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಡಿಸ್ಕ್ರಿಪ್ಷನ್, ಅಂದರೆ ಪಿಪಿಡಿ ಕಡತ. ಇದು ಯಾರೂ ತೆರೆದು ಓದಬಹುದಾದ ಸರಳ ಪಠ್ಯ. ನಕ್ಷತ್ರ ಚಿಹ್ನೆಯ ಹಿಂದೆಯೇ ಒಂದು ಸೂಚಕಪದ, ಅದರ ಮುಂದೆ ಆಯ್ಕೆ, ಬಳಿಕ ಉದ್ಧರಣ ಚಿಹ್ನೆಗಳ ನಡುವೆ ಮುದ್ರಕಕ್ಕೆ ಕಳಿಸಬೇಕಾದ ಆಜ್ಞೆ. ಬಳಕೆದಾರನು ಕೆಳಗಿನ ಟ್ರೇಯನ್ನು ಆರಿಸಿದರೆ, ಡ್ರೈವರ್ ಆ ಆಜ್ಞೆಯನ್ನೇ ಎತ್ತಿ ದಾಖಲೆಯೊಳಗೆ ಸೇರಿಸುತ್ತದೆ.

ಇದರಲ್ಲಿ ಕುತೂಹಲಕರವಾದ ಭಾಗ 'ಇಮೇಜಬಲ್ ಏರಿಯಾ'. ಹಾಳೆಯ ಅಳತೆ ಬೇರೆ, ಅದರ ಮೇಲೆ ಶಾಯಿ ಬೀಳಬಲ್ಲ ಆವರಣ ಬೇರೆ. ಎರಡನೆಯದನ್ನು ಅಂಗುಲದ 72ನೆಯ ಒಂದು ಭಾಗದ ಮಾನದಲ್ಲಿ ಇಲ್ಲಿ ದಾಖಲಿಸಲಾಗುತ್ತಿತ್ತು. ತಾಳೆಗರಿಯ ಲಿಪಿಕಾರನು ದಾರದ ರಂಧ್ರದ ಸುತ್ತ ಎಡೆ ಬಿಟ್ಟು ಬರೆಯುತ್ತಿದ್ದುದನ್ನು ಬಲ್ಲವರಿಗೆ ಈ ಎಚ್ಚರ ಹೊಸದೇನಲ್ಲ. ಇನ್ನೊಂದು ಪಟ್ಟಿ, ಮುದ್ರಕದೊಳಗೇ ನೆಲೆಸಿದ ಅಕ್ಷರವಿನ್ಯಾಸಗಳದು. ಮೊದಲ ಲೇಸರ್‌ರೈಟರಿನಲ್ಲಿ ಅವು ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಸಿಂಬಲ್ ಎಂಬ ನಾಲ್ಕು ಕುಲಗಳ 13 ಮಾತ್ರ. ಪಟ್ಟಿಯಲ್ಲಿಲ್ಲದ ಅಕ್ಷರಗಳನ್ನು, ಕನ್ನಡವೂ ಸೇರಿದಂತೆ, ಗಣಕವೇ ಹೊತ್ತು ಕಳಿಸಬೇಕಿತ್ತು.

ಹಳೆಯ ಮ್ಯಾಕಿಂಟಾಷ್‌ಗಳಲ್ಲಿ ಲೇಸರ್‌ರೈಟರ್ 8 ಎಂಬ ಡ್ರೈವರ್ ಈ ಕಡತಗಳನ್ನು ಸಿಸ್ಟಂ ಫೋಲ್ಡರಿನ ಎಕ್ಸ್‌ಟೆನ್ಷನ್ಸ್‌ನೊಳಗಿನ 'ಪ್ರಿಂಟರ್ ಡಿಸ್ಕ್ರಿಪ್ಷನ್ಸ್' ಎಂಬಲ್ಲಿ ಹುಡುಕುತ್ತಿತ್ತು. ತಕ್ಕ ಕಡತ ಸಿಗದಿದ್ದರೆ 'ಜೆನೆರಿಕ್' ಎಂಬ ಸಾಮಾನ್ಯ ವಿವರಣೆಯೇ ಗತಿ. ಮುದ್ರಣವೇನೋ ನಡೆಯುತ್ತಿತ್ತು; ಆದರೆ ಆ ಯಂತ್ರಕ್ಕೇ ವಿಶಿಷ್ಟವಾದ ಸೌಲಭ್ಯಗಳು ಕಣ್ಣೆದುರಿಗಿದ್ದೂ ಆಯ್ಕೆಯ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಒಂದೇ ಕಡತ ಡಾಸ್ ಗಣಕಗಳಿಗೂ ಸಲ್ಲಬೇಕಾದ್ದರಿಂದ ಹೆಸರನ್ನು ಎಂಟು ಅಕ್ಷರಗಳಿಗೆ ಕತ್ತರಿಸಬೇಕಾಗಿತ್ತು. ಆ ಹೆಸರುಗಳಿಂದ ಯಂತ್ರವನ್ನು ಗುರುತಿಸುವುದು ಶಾಸನದ ಸವೆದ ಅಕ್ಷರ ಓದಿದಷ್ಟೇ ಕಷ್ಟ.

2002ರಲ್ಲಿ ಆ್ಯಪಲ್ ತನ್ನ ಹೊಸ ಕಾರ್ಯವ್ಯವಸ್ಥೆಗೆ ಕಪ್ಸ್ ಎಂಬ ಮುದ್ರಣತಂತ್ರವನ್ನು ಅಳವಡಿಸಿಕೊಂಡಾಗ, ಪೋಸ್ಟ್‌ಸ್ಕ್ರಿಪ್ಟ್ ಅರಿಯದ ಮುದ್ರಕಗಳಿಗೂ ಪಿಪಿಡಿಯೇ ವಿವರಣೆಯಾಯಿತು. ಈಚಿನ ಮುದ್ರಕಗಳು ತಮ್ಮ ಗುಣಲಕ್ಷಣಗಳನ್ನು ಜಾಲದ ಮೂಲಕ ತಾವೇ ಹೇಳಿಕೊಳ್ಳುತ್ತವೆ. ಹಳೆಯ ಗಣಕವನ್ನು ಇಂದಿಗೂ ನಡೆಸುವವರು ಮಾತ್ರ ತಮ್ಮ ಮುದ್ರಕದ ಪಿಪಿಡಿಯನ್ನು ಜೋಪಾನವಾಗಿ ಪ್ರತಿ ಮಾಡಿಟ್ಟುಕೊಳ್ಳಬೇಕು.