‘ನರ’, ‘ಸ್ನಾಯು’ ಶಬ್ದಗಳ ಅರ್ಥವಿಚಾರ

ಮೈಸೂರು ನಗರದಲ್ಲಿ ಶರೀರಶಾಸ್ತ್ರವು ಎರಡು ಪರಿಭಾಷೆಗಳಲ್ಲಿ ಬೋಧಿತವಾಗುತ್ತ ಬಂದಿದೆ. 1908ರಲ್ಲಿ ಸ್ಥಾಪಿತವಾದ ಆಯುರ್ವೇದ ವಿದ್ಯಾಲಯದಲ್ಲಿ ಸುಶ್ರುತಾದಿಗಳ ಪರಿಭಾಷೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನಲ್ಲಿ ಪಾಶ್ಚಾತ್ಯ ಪರಿಭಾಷೆ. ಇವೆರಡರ ನಡುವೆ ನಿಂತ ಕನ್ನಡದಲ್ಲಿ ‘ನರ’, ‘ಸ್ನಾಯು’ ಎಂಬ ಶಬ್ದಗಳ ಅರ್ಥವು ಹೇಗೆ ಪಲ್ಲಟವಾಗಿದೆಯೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪೇಶಿಗಳು 500, ಸಿರೆಗಳು 700, ಸ್ನಾಯುಗಳು 900, ಧಮನಿಗಳು 24 ಎಂದು ಗಣನೆಯಿದೆ. ಹಲಗೆಗಳನ್ನು ಹಗ್ಗಗಳಿಂದ ಬಿಗಿದ ದೋಣಿಯು ಭಾರವನ್ನು ಹೊರುವಂತೆ ಸ್ನಾಯುಗಳಿಂದ ಬಿಗಿದ ಶರೀರವು ಭಾರವನ್ನು ಹೊರುವುದೆಂಬುದು ಅಲ್ಲಿಯ ದೃಷ್ಟಾಂತ. ಆದುದರಿಂದ ಸ್ನಾಯುವೆಂದರೆ ಬಂಧನರಜ್ಜು. ಇಂದು ಅದೇ ಶಬ್ದವು ಕನ್ನಡದಲ್ಲಿ ಮಾಂಸಪೇಶಿಗೂ ವಂಗಭಾಷೆಯಲ್ಲಿ ನರಕ್ಕೂ ಹೆಸರಾಗಿದೆ. ಇದನ್ನರಿಯದೆ ‘ಸುಶ್ರುತನು 900 ನರಗಳನ್ನು ಕಂಡಿದ್ದನು’ ಎಂದು ಬರೆದರೆ ಅದು ಶಾಸ್ತ್ರಕ್ಕೆ ಗೌರವವಲ್ಲ, ಅಪಚಾರ. ಶಬ್ದಸ್ಪರ್ಶಾದಿ ವಿಷಯಗಳನ್ನು ವಹಿಸುವ ಕಾರ್ಯವನ್ನು ಆತನು ಸ್ನಾಯುಗಳಿಗೆ ಹೇಳದೆ ಊರ್ಧ್ವಗಾಮಿಗಳಾದ 10 ಧಮನಿಗಳಿಗೆ ಹೇಳಿರುವನು.

ಗ್ರೀಕರಲ್ಲಿಯೂ ಹೀಗೆಯೇ ಆಯಿತು. ವೇದದ ‘ಸ್ನಾವನ್’ ಶಬ್ದಕ್ಕೆ ಸಜಾತೀಯವಾದ ‘ನ್ಯೂರಾನ್’ ಎಂಬುದಕ್ಕೆ ಮೊದಲು ಬಿಲ್ಲಿನ ಹೆದೆ, ಕಟ್ಟುನಾರು ಎಂದೇ ಅರ್ಥ. ನರವೆಂಬ ಅರ್ಥವು ಅನಂತರದ್ದು. ತಮಿಳಿನ ‘ನರಂಬು’, ತೆಲುಗಿನ ‘ನರಮು’ಗಳ ಬಳಗದ ನಮ್ಮ ‘ನರ’ವೂ ಕಟ್ಟುನಾರು, ರಕ್ತನಾಳ, ಸಂವೇದನತಂತು ಮೂರನ್ನೂ ಜನರ ಮಾತಿನಲ್ಲಿ ಹೊತ್ತಿದೆ.

ಹಗ್ಗದ ಈ ಹಳೆಯ ಕಲ್ಪನೆಯನ್ನು ನವೀನಶಾಸ್ತ್ರವು ಹೇಗೆ ಮೀರಿತೆಂಬುದು ಗಮನಾರ್ಹ. ನರಗಳೆಲ್ಲವೂ ಒಂದೇ ಅಖಂಡ ಜಾಲವೆಂದು ಇಟಲಿಯ ಗಾಲ್ಜಿಯೂ, ಪ್ರತ್ಯೇಕ ಕೋಶಗಳೆಂದು ಸ್ಪೇನಿನ ಕಹಾಲನೂ ವಾದಿಸಿದರು. 1906ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ಹಂಚಿಕೆಯಾಯಿತು. ಕಾಲಕ್ರಮದಲ್ಲಿ ಕಹಾಲನ ಪಕ್ಷವೇ ಪ್ರಬಲವಾಯಿತು. 1921ರಲ್ಲಿ ಆಟೋ ಲೋವಿಯು ನರವನ್ನು ಪ್ರಚೋದಿಸಿ ಒಂದು ಕಪ್ಪೆಯ ಹೃದಯವನ್ನು ನಿಧಾನಗೊಳಿಸಿ, ಅದರ ದ್ರವವನ್ನು ಇನ್ನೊಂದು ಹೃದಯಕ್ಕೆ ಊಡಿಸಲು, ಅದೂ ನಿಧಾನವಾಯಿತು. ನರವು ರಾಸಾಯನಿಕದ ಮೂಲಕ ಸಂದೇಶವನ್ನು ಕೊಡುವುದೆಂದು ಹೀಗೆ ಸಿದ್ಧವಾಯಿತು. ಕೋಶಗಳ ನಡುವಣ ಆ ಎಡೆಗೆ 1897ರಲ್ಲಿಯೇ ‘ಸಿನಾಪ್ಸ್’ ಎಂದು ಹೆಸರಾಗಿತ್ತು. ಅದನ್ನು ‘ಸಂಧಿ’ಯೆನ್ನುವಾಗ ಎಚ್ಚರ ಬೇಕು: ವ್ಯಾಕರಣದ ಸಂಧಿಯಲ್ಲಿ ವರ್ಣಗಳು ಕೂಡುವುವು, ಇಲ್ಲಿ ಸಾಮಾನ್ಯವಾಗಿ ಕೋಶಗಳು ಕೂಡದೆಯೇ ಮಾತನಾಡುವುವು.

ಪುನರ್ಜನನದ ವಿಷಯದಲ್ಲಿ ಭೇದವು ಇನ್ನೂ ಸ್ಪಷ್ಟ. ಕಡಿದ ಹಗ್ಗವನ್ನು ಗಂಟುಹಾಕಬಹುದು. ನರವು ಕಡಿದರೆ, ಕೋಶದಿಂದ ಬೇರೆಯಾದ ಭಾಗವು ನಶಿಸುವುದೆಂದು ವಾಲರನು 1850ರಲ್ಲಿ ತೋರಿಸಿದನು. ಕೈಕಾಲುಗಳ ನರಗಳಲ್ಲಿ ಉಳಿದ ಭಾಗವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮರಳಿ ಬೆಳೆಯಬಲ್ಲದು. ಮಿದುಳು, ಬೆನ್ನುಹುರಿಗಳಲ್ಲಿ ಅಂತಹ ಬೆಳವಣಿಗೆ ಅತ್ಯಲ್ಪ. ‘ಬೆನ್ನುಹುರಿ’ಯೆಂಬ ಹೆಸರಿನಲ್ಲಿಯೂ ಹುರಿಯೇ ಇದೆ, ಆದರೆ ಅದು ಹೊಸೆದು ಸೇರಿಸಬಹುದಾದ ಹುರಿಯಲ್ಲ.

ಹಳೆಯ ಶಬ್ದಗಳನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ‘ನರ’, ‘ನರಕೋಶ’ಗಳು ಕನ್ನಡದಲ್ಲಿ ನೆಲಸಿವೆ, ಅವು ನಿಲ್ಲಲಿ. ಪ್ರಾಚೀನಗ್ರಂಥವನ್ನು ಪಾಠ ಹೇಳುವಾಗ ಮಾತ್ರ ಆ ಕಾಲದ ಅರ್ಥವನ್ನೇ ಹೇಳಬೇಕು. ಪೂರ್ವಿಕರು ಹೇಳದುದನ್ನು ಅವರ ಬಾಯಲ್ಲಿಡದಿರುವುದೇ ಅವರಿಗೆ ನಾವು ಸಲ್ಲಿಸಬೇಕಾದ ಮೊದಲನೆಯ ಋಣವೆಂದು ಅಧ್ಯಾಪಕಮಹಾಶಯರಲ್ಲಿ ವಿಜ್ಞಾಪನೆ.