ಕಾಲುವೆ ಸೀಮೆಯ ನಾಗರಿಕ ಹಕ್ಕು: ಫಯೆಟ್ ಕೌಂಟಿಯ ಚರಿತ್ರೆಯಿಂದ ಒಂದು ಓದು

ಕನ್ನಡದಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಮಾತು ಬಂದಾಗಲೆಲ್ಲ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಂಟ್ಗೊಮೆರಿಯ ಬಸ್ ಬಹಿಷ್ಕಾರವೇ ಮುಂದೆ ಬರುತ್ತವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಾಲುವೆ ಸೀಮೆಯನ್ನು ಅರಿಯಲು ಆ ಚರಿತ್ರೆಯ ಬೇರೊಂದು ಪುಟ ಹೆಚ್ಚು ನೆರವಾಗುತ್ತದೆ ಎಂಬುದು ಈ ಲೇಖನದ ವಾದ.

ಇಲ್ಲಿ ಕಾನೂನಿಗೆ ಕೊರತೆಯಿರಲಿಲ್ಲ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ದಲಿತ ನಾಯಕ ಎಂ.ಸಿ. ರಾಜಾ ಮಂಡಿಸಿದ 1938ರ ಮದ್ರಾಸ್ ಕಾಯ್ದೆ ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನು ಅಸ್ಪೃಶ್ಯರಿಗೆ ಮುಚ್ಚುವಂತಿಲ್ಲ ಎಂದಿತ್ತು; ಅಮೆರಿಕದ 1964ರ ನಾಗರಿಕ ಹಕ್ಕು ಕಾಯ್ದೆಗಿಂತ 26 ವರ್ಷ ಮೊದಲು. ಸಂವಿಧಾನ ಸಭೆಯಲ್ಲಿ 1948ರ ನವೆಂಬರ್ 29ರಂದು ಅಂಬೇಡ್ಕರ್, ಅಂಗಡಿಗೆ ಪ್ರವೇಶ ಎಂದರೆ ಬರೀ ಒಳಗೆ ಹೋಗುವ ಹಕ್ಕಲ್ಲ, ಅಲ್ಲಿನ ಸೇವೆ ಪಡೆಯುವ ಹಕ್ಕೂ ಹೌದು ಎಂದು ಬಿಡಿಸಿ ಹೇಳಿದ್ದರು. ಅಮೆರಿಕದಲ್ಲೋ 1875ರ ನಾಗರಿಕ ಹಕ್ಕು ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1883ರಲ್ಲಿ ಬೀಳಿಸಿತು: ಖಾಸಗಿ ಹೋಟೆಲಿನವನಿಗೆ ಸಂವಿಧಾನದ ಕಟ್ಟಳೆ ತಗಲುವುದಿಲ್ಲವೆಂದು. ನಮ್ಮ 1955ರ ಕಾಯ್ದೆ (1976ರಿಂದ ಇದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ) ಹೋಟೆಲಿನ ಪಾತ್ರೆಯವರೆಗೂ ಕೈ ಚಾಚಿದೆ. ದಲಿತರಿಗೆ ಬೇರೆ ಲೋಟ ಇಡುವ ಎರಡು ಲೋಟದ ಪದ್ಧತಿ ನೇರವಾಗಿ ಅದರ ಹಿಡಿತಕ್ಕೆ ಬರುತ್ತದೆ. ದಲಿತರಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಕೊಟ್ಟರೆ ಅದೂ ಅಪರಾಧವೇ, ಸಾಬೀತು ಮಾಡುವುದಷ್ಟೇ ಕಷ್ಟ.

ಆದರೂ ತುಂಗಭದ್ರೆಯ ಆಚೆ ದಡದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲೂ ತಕರಾರು ಕ್ಷೌರದಂಗಡಿ ಮತ್ತು ಹೋಟೆಲ್ ಪ್ರವೇಶದ್ದೇ ಆಗಿತ್ತು. ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ಹಕ್ಕು ಕೇಳಿದವರು ನ್ಯಾಯಕ್ಕಾಗಿ ಹತ್ತು ವರ್ಷ ಕಾಯಬೇಕಾಯಿತು.

ಇಲ್ಲಿ ಮಾಂಟ್ಗೊಮೆರಿಯ ಮಾದರಿ ಸಾಲದು. ಅಲ್ಲಿ ಬಸ್ಸಿನ ಪ್ರಯಾಣಿಕರಲ್ಲಿ ಬಹುಪಾಲು ಕಪ್ಪು ಜನ. ಅವರು 381 ದಿನ ಬಸ್ ಹತ್ತದೇ ಹೋದದ್ದಕ್ಕೆ ಕಂಪನಿಯ ಗಳಿಕೆ ಕುಸಿಯಿತು. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಬಹಿಷ್ಕಾರದ ಅಸ್ತ್ರ ಎದುರು ಪಕ್ಷದ ಕೈಯಲ್ಲಿರುತ್ತದೆ. ನಾಟಿಗೆ, ಕಳೆಗೆ ಕರೆಯುವವರು, ಹಬ್ಬಕ್ಕೋ ಆಸ್ಪತ್ರೆಗೋ ಮುಂಗಡ ಕೊಡುವವರು ಭೂಮಾಲೀಕರೇ. ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂಬ ಒಂದು ಮಾತು ಸಾಕು, ಕೇರಿಯ ಒಲೆ ಆರುತ್ತದೆ, ಮನೆಮಂದಿ ಗುಳೆ ಹೊರಡುತ್ತಾರೆ.

ಅಮೆರಿಕದ ಟೆನೆಸ್ಸಿ ರಾಜ್ಯದ ಫಯೆಟ್ ಕೌಂಟಿಯಲ್ಲಿ 1960ರಲ್ಲಿ ನಡೆದದ್ದು ಇದೇ. ಮತದಾರರ ಪಟ್ಟಿಗೆ ಹೆಸರು ಕೊಟ್ಟ ಕಪ್ಪು ಗೇಣಿದಾರರನ್ನು ಹತ್ತಿ ಬೆಳೆಗಾರರು ಒಕ್ಕಲೆಬ್ಬಿಸಿದರು, ವ್ಯಾಪಾರಿಗಳು ಸಾಮಾನು ಮಾರಲಿಲ್ಲ. ಸಂಸಾರಗಳು ಬಯಲಿನ ಡೇರೆಗಳಲ್ಲಿ ಚಳಿಗಾಲ ಕಳೆದವು. 1957ರ ನಾಗರಿಕ ಹಕ್ಕು ಕಾಯ್ದೆಯ ಬಲದಿಂದ ಕೇಂದ್ರ ಸರ್ಕಾರ ತಾನೇ ಭೂಮಾಲೀಕರ ಮೇಲೆ ದಾವೆ ಹೂಡಿತು. 1962ರಲ್ಲಿ ಅವರು ಮಣಿದರು. ಹಕ್ಕು ಕೇಳಿದವನ ಅನ್ನ ಕಿತ್ತುಕೊಳ್ಳುವುದೂ ಹಕ್ಕಿನ ಮೇಲಿನ ದಾಳಿ ಎಂಬ ಅರಿವು ಆ ದಾವೆಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ನಮ್ಮ ದೌರ್ಜನ್ಯ ತಡೆ ಕಾಯ್ದೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಹೆಸರಿಸಿ ಅಪರಾಧವೆಂದು ಸೇರಿಸಿಕೊಂಡದ್ದು 2015ರ ತಿದ್ದುಪಡಿಯಲ್ಲಿ.

ಅಮೆರಿಕಕ್ಕೆ ಹೋದ ಕನ್ನಡಿಗರಿಗೂ ಈ ಚರಿತ್ರೆಯ ಋಣವಿದೆ. ಏಷ್ಯಾದವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ನಾಗರಿಕ ಹಕ್ಕು ಚಳವಳಿಯ ಕಾವಿನಲ್ಲೇ ಬಂತು. ಅಲ್ಲಿ ಹುಟ್ಟಿದ ಅವರ ಮಕ್ಕಳ ಪೌರತ್ವಕ್ಕೆ ಆಧಾರವಾದ 14ನೇ ತಿದ್ದುಪಡಿಯನ್ನು 1868ರಲ್ಲಿ ತಂದದ್ದು ಬಿಡುಗಡೆಯಾದ ಗುಲಾಮರಿಗಾಗಿ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿದಾಗ ಅದನ್ನು ವಿರೋಧಿಸಿದ ಭಾರತೀಯರು ಈ ಋಣವನ್ನು ಮರೆತಿದ್ದರು.

ಕಾಲುವೆ ಸೀಮೆಗೆ ಮರಳುವುದಾದರೆ, ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 11ನೆಯದು ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನಭತ್ಯೆ ಕೊಡಬೇಕೆನ್ನುತ್ತದೆ. ಕುರುಗೋಡಿನ ಕೂಲಿಯೊಬ್ಬಳು ಬಳ್ಳಾರಿಯ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ದಿನ ಅವಳ ಕೂಲಿ ತಪ್ಪುತ್ತದೆ. ಆ ದಿನದ ಭತ್ಯೆ ಅಂದೇ ಅವಳ ಕೈ ಸೇರುವುದು ಶಿಕ್ಷೆಯ ಕಲಮಿನಷ್ಟೇ ಮುಖ್ಯ.