ಟೋಕಿಯೋ ನಗರದ ಸಾರ್ವಜನಿಕ ಸ್ನಾನಗೃಹಗಳ ಒಳಾಂಗಣ ರಚನೆ

ವಾಸ್ತುವಿನ ಇತಿಹಾಸವನ್ನು ಬರೆದವರು ಅರಮನೆ, ದೇಗುಲ, ಕೋಟೆಗಳಿಗೆ ಕೊಟ್ಟಷ್ಟು ಗಮನವನ್ನು ಜನಸಾಮಾನ್ಯರು ದಿನನಿತ್ಯ ಬಳಸುವ ಕಟ್ಟಡಗಳಿಗೆ ಕೊಟ್ಟಿಲ್ಲ. ಜಪಾನಿನ ನಗರಗಳಲ್ಲಿ 'ಸೆಂತೊ' ಎಂದು ಕರೆಯಲಾಗುವ ಸಾರ್ವಜನಿಕ ಸ್ನಾನಗೃಹವು ಅಂಥವುಗಳಲ್ಲೊಂದು. ಅದರ ಒಳಾಂಗಣದ ಅಲಂಕಾರವು ಕೇವಲ ಸೊಬಗಿಗಾಗಿ ಬಂದುದೆಂಬ ಭಾವನೆಯುಂಟು. ಇಂಧನ, ಶುಚಿತ್ವ, ವ್ಯಾಪಾರ ಈ ಮೂರರ ಒತ್ತಡದಿಂದಲೇ ಅದು ರೂಪುಗೊಂಡಿತೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಇಂದಿನ ಟೋಕಿಯೋ ಆಗ ಎದೊ ಎನಿಸಿಕೊಂಡಿತ್ತು. ಅಲ್ಲಿ 1591ರಲ್ಲಿ ಮೊದಲ ಸ್ನಾನಗೃಹ ತೆರೆಯಿತೆಂಬ ಪ್ರತೀತಿಯಿದೆ. ಎದೊ ಕಾಲದ ಸ್ನಾನಗೃಹಗಳಲ್ಲಿ ಮೈತೊಳೆಯುವ ನೆಲಕ್ಕೂ ಬಿಸಿನೀರಿನ ತೊಟ್ಟಿಗೂ ನಡುವೆ 'ಝಕುರೊಗುಚಿ' ಎಂಬ ಗಿಡ್ಡ ದ್ವಾರವಿರುತ್ತಿತ್ತು. ಸ್ನಾನಕ್ಕೆ ಬಂದವರು ಬಾಗಿಯೇ ಒಳಹೋಗಬೇಕಾಗಿತ್ತು. ಬಿಸಿಯೂ ಹಬೆಯೂ ಹೊರಹೋಗದಂತೆ ತಡೆಯುವುದೇ ಅದರ ಉದ್ದೇಶ. ದ್ವಾರದ ಮೇಲಣ ಹಲಗೆಯಲ್ಲಿ ಚಿತ್ರಗಳಿದ್ದರೂ ಒಳಗೆ ಗಾಢವಾದ ಕತ್ತಲೆ. ತೊಟ್ಟಿಯ ನೀರು ಕೊಳಕಾದರೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ವ್ಯವಸ್ಥೆ ಮೇಜಿ ಯುಗದಲ್ಲಿ ಬದಲಾಯಿತು. 1877ರ ಸುಮಾರಿಗೆ ಕಂದಾ ಪ್ರದೇಶದಲ್ಲಿ ತ್ಸುರುಸಾವಾ ಮೊನ್‌ಝಾಯೆಮೊನ್ ಎಂಬಾತನು ಗಿಡ್ಡ ದ್ವಾರವನ್ನು ತೆಗೆದುಹಾಕಿ, ತೊಟ್ಟಿಯನ್ನು ನೆಲಮಟ್ಟಕ್ಕೆ ಇಳಿಸಿ, ಛಾವಣಿಯನ್ನು ಎತ್ತರಿಸಿ, ಹಬೆ ಹೋಗಲು ಕಿಂಡಿಗಳನ್ನಿಟ್ಟು 'ಸುಧಾರಿತ ಸ್ನಾನಗೃಹ'ವನ್ನು ನಿರ್ಮಿಸಿದನು. ಬೆಳಕು ಒಳಬಂದುದರಿಂದ ಕೊಳೆಯನ್ನು ಮರೆಮಾಡುವುದು ಸಾಧ್ಯವಾಗಲಿಲ್ಲ. ಮುಂದಿನ ದಶಕಗಳಲ್ಲಿ ಮರದ ಸ್ಥಾನವನ್ನು ಹೆಂಚುಬಿಲ್ಲೆಗಳು ಆಕ್ರಮಿಸಿದವು. ಬೆಳಕು ಬಂದ ಮೇಲೆ ಎತ್ತರದ ಬರಿಗೋಡೆಯೂ ಕಾಣತೊಡಗಿತೆಂಬುದು ಗಮನಾರ್ಹ.

ಆ ಗೋಡೆ ಬರಿದಾಗಿ ಉಳಿಯಲಿಲ್ಲ. 1912ರಲ್ಲಿ ಕಂದಾ ಪ್ರದೇಶದ ಕಿಕಾಯ್-ಯು ಸ್ನಾನಗೃಹದಲ್ಲಿ ಚಿತ್ರಕಾರ ಕವಗೊಯೆ ಕೊಶಿರೊ ಫೂಜಿ ಪರ್ವತವನ್ನು ಬರೆದನು. ಮಕ್ಕಳು ಸಂತೋಷದಿಂದ ಸ್ನಾನಕ್ಕೆ ಬರಲೆಂಬುದು ಮಾಲೀಕನ ಆಶಯವಾಗಿತ್ತೆಂದು ಹೇಳುತ್ತಾರೆ. ಚಿತ್ರದ ಕೆಳಗೆ ನೆರೆಯ ಅಂಗಡಿಗಳ ಜಾಹೀರಾತುಗಳನ್ನು ಹಾಕಿ ಚಿತ್ರದ ವೆಚ್ಚವನ್ನು ತೂಗಿಸುವ ಪದ್ಧತಿ ಮುಂದೆ ಬೆಳೆಯಿತು. 1923ರ ಭೂಕಂಪದ ತರುವಾಯ ಟೋಕಿಯೋದಲ್ಲಿ ದೇಗುಲದಂಥ ಮುಂಭಾಗವುಳ್ಳ ಸ್ನಾನಗೃಹಗಳು ಎದ್ದವು. ಬಟ್ಟೆ ಕಳಚುವ ಕೋಣೆಗೆ ಚೌಕಳಿಯ ಮರದ ಛಾವಣಿ; ಎರಡೂ ಕಡೆ ಕಾಣುವಂತೆ ಎತ್ತರದ ಪೀಠದಲ್ಲಿ ಕುಳಿತ ಕಾವಲಿನವನು; ಹೆಂಗಸರ ಮತ್ತು ಗಂಡಸರ ವಿಭಾಗಗಳ ನಡುವೆ ಛಾವಣಿಯನ್ನು ಮುಟ್ಟದ ಗೋಡೆ. ನೋಟಕ್ಕೆ ತಡೆಯಿದ್ದರೂ ಮಾತಿಗೆ ತಡೆಯಿರಲಿಲ್ಲ.

1968ರ ಸುಮಾರಿಗೆ ಇಡೀ ಜಪಾನಿನಲ್ಲಿ ಸುಮಾರು 18,000 ಸ್ನಾನಗೃಹಗಳಿದ್ದವು. ಮನೆಮನೆಗೂ ಬಚ್ಚಲು ಬಂದಂತೆ ಅವು ಮುಚ್ಚಿ, ಈಗ 2,000ಕ್ಕೂ ಕಡಿಮೆ ಉಳಿದಿವೆ. 1929ರಲ್ಲಿ ಕಟ್ಟಿದ ಕೊದಕರಾ-ಯು ಇಂದು ಎದೊ-ಟೋಕಿಯೋ ಬಯಲು ವಸ್ತುಸಂಗ್ರಹಾಲಯದಲ್ಲಿ ಅಚ್ಚುಕಟ್ಟಾಗಿದೆ. ಆದರೆ ಅದರ ತೊಟ್ಟಿಯಲ್ಲಿ ಯಾರೂ ಮೀಯುವುದಿಲ್ಲ. ಇದಕ್ಕೆ ಪ್ರತಿಯಾಗಿ, ಸುಮಿದಾ ಪ್ರದೇಶದ ಕೊಗನೆ-ಯು 2020ರಲ್ಲಿ ವಾಸ್ತುಶಿಲ್ಪಿ ಜೋ ನಾಗಸಾಕಾನ ಕೈಯಲ್ಲಿ ಬರಿ ಕಾಂಕ್ರೀಟಿನ ಹೊಸ ಒಳಾಂಗಣವನ್ನು ಪಡೆದು, ನೆರೆಹೊರೆಯವರಿಗೆ ಬಿಸಿನೀರನ್ನು ಒದಗಿಸುತ್ತಲೇ ಇದೆ. ಮೊದಲನೆಯದರಲ್ಲಿ ರೂಪ ಉಳಿಯಿತು, ಎರಡನೆಯದರಲ್ಲಿ ಬಳಕೆ ಉಳಿಯಿತು. ಸೆಂತೊವಿನ ರೂಪವು ಕಾಲಕಾಲಕ್ಕೆ ಬದಲಾಗುತ್ತಲೇ ಬಂದುದರಿಂದ, ಬಳಕೆಯನ್ನು ಉಳಿಸಿಕೊಂಡ ಎರಡನೆಯದೇ ಅದರ ಪರಂಪರೆಗೆ ಹೆಚ್ಚು ಹತ್ತಿರವಾದುದೆಂದು ನಮಗೆ ತೋರುತ್ತದೆ. ಆದರೆ ಗತರೂಪದ ಸಾಕ್ಷ್ಯವನ್ನು ಮೊದಲನೆಯದು ಕಾಯ್ದಿರಿಸದಿದ್ದರೆ ಈ ತೀರ್ಮಾನಕ್ಕೆ ಬರುವುದೂ ನಮಗೆ ಸುಲಭವಾಗುತ್ತಿರಲಿಲ್ಲ.